ಮಗು ಇನ್ನೂ ಉಣ್ಣುತ್ತಿಲ್ಲ

ಜೂನ್ 3, ಮಂಗಳವಾರ

ನನಗೆ ಬರೆಯುವ ಚಟವಿಲ್ಲ. ಗಿರಣಿಯಲ್ಲಿ ನಾನು ಬರೆಯುವುದೆಲ್ಲ ಒಂದೇ ಸಾಲು: ಇಂಥ ಲೋಡಿನಲ್ಲಿ ಇಡಿ ಅಕ್ಕಿ ಇಷ್ಟು, ನುಚ್ಚು ಇಷ್ಟು. ಆದರೆ ಸಂಜೆ ಕೆಲಸ ಮುಗಿಸಿ, ಕೆಳಗಿನ ಮನೆಯ ಟೈಲರಮ್ಮನಿಂದ ಮಗುವನ್ನು ಎತ್ತಿಕೊಂಡು ಬಂದು, ಬಾಟಲಿ ಹಾಲು ಕೊಟ್ಟು ಮಲಗಿಸಿದ ಮೇಲೆ ಈ ಎರಡು ಕೋಣೆಗಳಲ್ಲಿ ಮಾತಾಡಲು ಯಾರೂ ಇಲ್ಲ. ಗೋಡೆಯ ಹತ್ತಿರ ಮಾತಾಡಿದರೆ ಹುಚ್ಚ ಎನ್ನುತ್ತಾರೆ. ಕಾಗದದ ಹತ್ತಿರ ಮಾತಾಡಿದರೆ ಯಾರೂ ಏನೂ ಅನ್ನುವುದಿಲ್ಲ.

ಮಗುವಿಗೆ ಇವತ್ತಿಗೆ ಆರು ತಿಂಗಳು. ಹೆಂಡತಿ ಹೋಗಿಯೂ ಆರು ತಿಂಗಳು. ಹೆರಿಗೆ ಕೋಣೆಯಿಂದ ಒಬ್ಬರನ್ನು ಕೊಟ್ಟು ಒಬ್ಬರನ್ನು ಇಟ್ಟುಕೊಂಡರು. ಅದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಮೊದಲ ಮೂರು ತಿಂಗಳು ಅತ್ತಿಗೆ ಇಲ್ಲೇ ಇದ್ದರು. ನನ್ನ ಹೆಂಡತಿಯ ಅಕ್ಕ. ಅವರಿಗೆ ಮಕ್ಕಳಿಲ್ಲ. ತಂಗಿಯನ್ನು ಕಳೆದುಕೊಂಡ ಹೆಂಗಸು ಅಳುವುದನ್ನೂ ಪಕ್ಕಕ್ಕಿಟ್ಟು ಹಗಲೂ ರಾತ್ರಿ ಈ ಮಗುವನ್ನು ಎದೆಗೆ ಅವಚಿಕೊಂಡು ಕೂತಿದ್ದರು. ನಾನು ಎತ್ತಿಕೊಂಡಿದ್ದೇ ಕಡಿಮೆ. ಎತ್ತಿಕೊಂಡರೂ ತಕ್ಷಣ ಅತ್ತಿಗೆಗೆ ಕೊಟ್ಟುಬಿಡುತ್ತಿದ್ದೆ, ಸಿಟ್ಟಿಗೋ ಹೆದರಿಕೆಗೋ ತಿಳಿಯದು. ರಜೆ ಮುಗಿದು ಅವರು ತಮ್ಮ ಊರಿಗೆ ಹೊರಟಾಗ ಮಾತಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಮಗು, ಮೈಯಲ್ಲಿ ಏನೂ ಇಲ್ಲ, ಅಷ್ಟು ದೂರದ ರೈಲು ಪ್ರಯಾಣ ಈಗ ಬೇಡ ಎಂದು ಡಾಕ್ಟರು ಹೇಳಿದ್ದರು. "ಊಟ ಹಿಡೀಲಿ, ತೂಕ ಬರಲಿ. ಬಂದು ಕರ್ಕೊಂಡ್ ಹೋಗ್ತೀನಿ, ನಾನೇ ಸಾಕ್ತೀನಿ" ಎಂದರು ಅತ್ತಿಗೆ. ಸರಿ ಎಂದೆ. ಹಾಗೆ ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ ಅವತ್ತು ಮೈಮರೆತು ನಿದ್ದೆ ಮಾಡಿದೆ.

ಇನ್ನು ಊಟ ಹಿಡಿಸುವುದೊಂದು ಬಾಕಿ. ಎರಡು ತಿಂಗಳಲ್ಲಿ ಮುಗಿಸಬೇಕು.

ಜೂನ್ 5, ಗುರುವಾರ

ಮಕ್ಕಳ ತೂಕ ನೋಡುವ ಕ್ಲಿನಿಕ್ಕಿಗೆ ಹೋಗಿದ್ದೆ. ಬೆಂಚಿನ ತುಂಬ ತಾಯಂದಿರು, ನಡುವೆ ಮೀಸೆ ಹೊತ್ತ ನಾನೊಬ್ಬ. ನರ್ಸಮ್ಮ ಮಗುವನ್ನು ತಕ್ಕಡಿಯ ತೊಟ್ಟಿಯಲ್ಲಿ ಮಲಗಿಸಿ ಮುಖ ಗಂಟಿಕ್ಕಿದರು.

"ಸಾಲದು. ಗಂಜಿ ಶುರು ಮಾಡಿ. ನುಚ್ಚು ಸಿಗುತ್ತಾ ನಿಮಗೆ?"

"ನಾನು ಅಕ್ಕಿ ಗಿರಣಿಯಲ್ಲೇ ಇರೋದು."

"ಮತ್ತೇನ್ರೀ! ಅದರಲ್ಲೇ ಮಾಡಿ. ಬೇಗ ಬೇಯುತ್ತೆ, ನುಣ್ಣಗೆ ಆಗುತ್ತೆ, ಮಗೂಗೆ ನುಂಗೋಕೆ ಸುಲಭ."

ನನಗೆ ಮೈ ಉರಿಯಿತು. ಗಿರಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾನು ಮಾಡುವ ಕೆಲಸವೇ ನುಚ್ಚನ್ನು ಹಿಡಿಯುವುದು. ಕಪ್ಪು ತಟ್ಟೆಯ ಮೇಲೆ ಒಂದು ಹಿಡಿ ಅಕ್ಕಿ ಹರಡಿ, ಇಡಿ ಕಾಳು ಒಂದು ಕಡೆ, ಮುರಿದದ್ದು ಒಂದು ಕಡೆ. ಮುರಿದದ್ದು ಹೆಚ್ಚಾದರೆ ಮಿಷನ್ ನಿಲ್ಲಿಸಿ ಎನ್ನುವವನು ನಾನು. ಆ ನುಚ್ಚು ಕೋಳಿಗಳಿಗೆ ಹೋಗುತ್ತದೆ, ಗಂಜಿಪುಡಿ ಮಾಡುವವರಿಗೆ ಹೋಗುತ್ತದೆ. ತಾಯಿಯಿಲ್ಲದ ಮಗುವಿಗೆ ಅದನ್ನು ಹಾಕು ಎಂದರೆ ಏನರ್ಥ? ಹೂಂ ಎಂದು ತಲೆಯಾಡಿಸಿ ಬಂದೆ. ಹಾಕುವುದಿಲ್ಲ.

ಜೂನ್ 6, ಶುಕ್ರವಾರ

ಮೊದಲ ದರ್ಜೆಯ ಇಡಿ ಅಕ್ಕಿ ತಂದು ಬೇಯಿಸಿದೆ. ಬೆಂದದ್ದು ಎಂದುಕೊಂಡು ಹಿಸುಕಿದೆ. ಹೊರಗೆ ಮೆತ್ತಗೆ, ಒಳಗೆ ಕಾಳು. ಮಗುವಿನ ಗಂಟಲಿಗೆ ಸಿಕ್ಕಿ ಮುಖ ಕೆಂಪಾಯಿತು, ಬೆನ್ನು ತಟ್ಟಿದೆ, ಎಲ್ಲ ನನ್ನ ಅಂಗಿಯ ಮೇಲೆ ಬಂತು. ಆಮೇಲೆ ನಾನೂ ಅದೂ ಒಟ್ಟಿಗೆ ಅತ್ತೆವು. ಅದು ಜೋರಾಗಿ.

ಜೂನ್ 10, ಮಂಗಳವಾರ

ನಾಲ್ಕು ದಿನ ಇಡಿ ಅಕ್ಕಿಯ ಜೊತೆ ಹೆಣಗಿ ಸೋತೆ. ಇವತ್ತು ಗಿರಣಿಯ ಮೇಸ್ತ್ರಿಯ ಹತ್ತಿರ ಒಂದು ಚೀಲ ನುಚ್ಚು ಕೇಳಿದೆ.

"ಕೋಳಿ ಸಾಕ್ತಿದ್ದೀಯೇನೋ?" ಎಂದರು.

"ಮಗೂಗೆ."

ಅವರು ನಗು ನಿಲ್ಲಿಸಿ ತಾವೇ ಒಳಗೆ ಹೋಗಿ ತುಂಬಿ ತಂದರು. "ನಮ್ಮಮ್ಮ ಐದು ಮಕ್ಕಳನ್ನ ನುಚ್ಚಲ್ಲೇ ಸಾಕಿದ್ದು. ನೋಡು ನನ್ನ" ಎಂದು ಹೊಟ್ಟೆ ತಟ್ಟಿಕೊಂಡರು. ಅವರ ಹೊಟ್ಟೆ ನೋಡಿದರೆ ನಂಬದೆ ವಿಧಿಯಿಲ್ಲ.

ಆದರೂ ಹಾಗೇ ಹಾಕುವ ಮನಸ್ಸು ಬರಲಿಲ್ಲ. ಗಿರಣಿಯ ಸಣ್ಣ ಜರಡಿ ಮನೆಗೆ ತಂದಿದ್ದೇನೆ. ಮೂರು ಸಲ ಜರಡಿ ಹಿಡಿದೆ. ಪುಡಿ ಹೋಯಿತು. ಹಳದಿ ಬಣ್ಣದ ಚುಕ್ಕಿಯಂಥ ಚೂರುಗಳು ಉಳಿದಿದ್ದವು. ಮಾದರಿ ತಟ್ಟೆಯಲ್ಲಿ ಅವು ಕಂಡರೆ ನಾನು ಕಸ ಎಂದು ಬರೆಯುತ್ತೇನೆ. ಒಂದೊಂದನ್ನೂ ಬೆರಳ ತುದಿಯಿಂದ ಹೆಕ್ಕಿ ಎಸೆದೆ. ಆಮೇಲೆ ನೀರು ತಿಳಿಯಾಗುವವರೆಗೆ ತೊಳೆದೆ. ಇಷ್ಟು ಬೆಳ್ಳಗಿನ ನುಚ್ಚನ್ನು ಯಾವ ಗಿರಣಿಯೂ ಕಂಡಿರಲಾರದು.

ಜೂನ್ 15, ಭಾನುವಾರ

ಗಂಜಿ ಮಾಡುವ ಬಗೆ ಕೈಗೆ ಹತ್ತಿತು. ಕುದಿಯುವ ನೀರಿಗೆ ನುಚ್ಚು ಸುರಿದರೆ ಗಂಟು ಕಟ್ಟುತ್ತದೆ. ತಣ್ಣೀರಿನಲ್ಲೇ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಮೊದಲ ದಿನ ಒಲೆಯ ಮೇಲೆ ಹದವಾಗಿದೆ ಎಂದು ಇಳಿಸಿದೆ, ಆರುವಷ್ಟರಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದಿತ್ತು. ಈಗ ಧಾರಾಳವಾಗಿ ನೀರು ಬಿಟ್ಟು, ಬೆಂದ ಮೇಲೆ ತೆಳ್ಳನೆಯ ಬಟ್ಟೆಯಲ್ಲಿ ಸೋಸುತ್ತೇನೆ. ಗಂಟಲಿಗೆ ಸಿಗುವಂಥದ್ದು ಒಂದೂ ಇರಬಾರದು. ಬೆಳಿಗ್ಗೆ ಮಾಡಿ ಟೈಲರಮ್ಮನಿಗೆ ಕೊಟ್ಟು ಹೋಗುತ್ತೇನೆ, ಮಧ್ಯಾಹ್ನ ಅವರು ಕುಡಿಸುತ್ತಾರೆ.

ಟೈಲರಮ್ಮ ಮಗುವಿಗೆ ಗುಂಡಿ ಎಂದು ಹೆಸರಿಟ್ಟಿದ್ದಾರೆ. "ಮುಖ ನೋಡಿ, ಅಂಗಿ ಗುಂಡಿಯಷ್ಟೇ ಇದೆ" ಎನ್ನುತ್ತಾರೆ. ಬೇರೆ ಹೆಸರನ್ನು ಅತ್ತಿಗೆಯೇ ಇಡಲಿ ಎಂದು ನಾನು ಬಿಟ್ಟಿದ್ದೇನೆ. ಸಾಕುವವರು ಅವರು.

ಅತ್ತಿಗೆ ಭಾನುವಾರ ಭಾನುವಾರ ಫೋನ್ ಮಾಡುತ್ತಾರೆ. ಇವತ್ತು ಗಂಜಿ ಶುರುವಾಯಿತೆಂದು ಹೇಳಿದೆ. ಆ ಕಡೆಯಿಂದ "ಎಷ್ಟು ಚಮಚ?" ಎಂದರು. ಆರೇಳು ಎಂದೆ. "ಆರೋ ಏಳೋ?" ಎಂದರು. ನನಗೆ ನಗು ಬಂತು. ಅವರಿಗೆ ನಗು ಬಂದಿರಲಿಲ್ಲ.

ಜುಲೈ 3, ಗುರುವಾರ

ತೂಕ ಏರಿಲ್ಲ. ಒಂದಿಷ್ಟೂ ಇಲ್ಲ.

ನರ್ಸಮ್ಮ ಹೇಗೆ ಮಾಡುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಎಲ್ಲ ಹೇಳಿದೆ. ಜರಡಿ, ಹಳದಿ ಚೂರು, ತೊಳೆದದ್ದು, ಸೋಸಿದ್ದು. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಆ ಹಳದಿ ಚೂರು ಏನು ಗೊತ್ತಾ? ಅಕ್ಕಿಯ ಮೊಳಕೆ ಮೂತಿ. ಇದ್ದದ್ದರಲ್ಲಿ ಒಳ್ಳೇದು ಅದೇ. ಅದನ್ನ ಆರಿಸಿ ಎಸೆದ್ರಿ. ಉಳಿದಿದ್ದನ್ನ ತೊಳೆದು ತೊಳೆದು ಚರಂಡಿಗೆ ಕುಡಿಸಿದ್ರಿ. ಕೊನೇಗೆ ಬಟ್ಟೆಯಲ್ಲಿ ಸೋಸಿ ಗಂಜೀನೇ ತೆಗೆದ್ರಿ. ಮಗೂಗೆ ಸಿಕ್ಕಿದ್ದು ಬಿಳಿ ನೀರು. ಅದರಲ್ಲಿ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ."

ಬೆಂಚಿನ ಮೇಲಿದ್ದ ತಾಯಂದಿರೆಲ್ಲ ಕೇಳಿಸಿಕೊಂಡರು. ಒಬ್ಬಾಕೆ ಅಯ್ಯೋ ಪಾಪ ಎಂದಳು. ಪಾಪ ಎಂದದ್ದು ಮಗುವಿಗೋ ನನಗೋ ಕೇಳಲಿಲ್ಲ.

ಆಮೇಲೆ ನರ್ಸಮ್ಮ ದನಿ ಇಳಿಸಿ ಹೇಳಿಕೊಟ್ಟರು. ಬರೀ ಅಕ್ಕಿ ಸಾಲದು, ಇಡಿಯಾಗಲಿ ನುಚ್ಚಾಗಲಿ ಎರಡರಲ್ಲೂ ಇರುವುದು ಹೆಚ್ಚಾಗಿ ಹಿಟ್ಟೇ. ಎರಡು ಪಾಲು ನುಚ್ಚಿಗೆ ಒಂದು ಪಾಲು ಹೆಸರುಬೇಳೆ. ಬೆಚ್ಚಗೆ ಹುರಿದಿಟ್ಟುಕೊಳ್ಳಿ. ಒಂದೇ ಸಲ ತೊಳೆಯಿರಿ. ಕುಂಬಳಕಾಯಿ, ಕ್ಯಾರೆಟ್, ಸೊಪ್ಪು ಒಂದೊಂದು ದಿನ ಒಂದೊಂದು. ಬೆಂದ ಮೊಟ್ಟೆಯ ಹಳದಿ. ಇಳಿಸುವಾಗ ಒಂದು ಚಮಚ ಎಣ್ಣೆಯೋ ಬೆಣ್ಣೆಯೋ. ಉಪ್ಪು ಬೇಡ, ಸಕ್ಕರೆ ಬೇಡ. ಚಮಚ ಓರೆ ಮಾಡಿದರೆ ಗಂಜಿ ಜಾರಬಾರದು, ನಿಲ್ಲಬೇಕು.

ಗಿರಣಿಯಲ್ಲಿ ಇಷ್ಟು ವರ್ಷ ಚೆನ್ನಾಗಿ ಕಲಿತದ್ದೇ ಒಂದು ವಿದ್ಯೆ. ಅದನ್ನು ಮಗುವಿನ ಹೊಟ್ಟೆಯ ಮೇಲೆ ಪ್ರಯೋಗಿಸಿದೆ. ಹೆಂಡತಿ ಇದ್ದಿದ್ದರೆ ಜರಡಿ ಕಿತ್ತುಕೊಂಡು ಕಿಟಕಿಯಿಂದ ಎಸೆಯುತ್ತಿದ್ದಳು. ಅವಳು ಇಲ್ಲದಿರುವುದು ನನಗೆ ಇವತ್ತು ತಡೆಯಲಾಗುತ್ತಿಲ್ಲ.

ಜುಲೈ 4, ಶುಕ್ರವಾರ

ಜರಡಿ ವಾಪಸು ಕೊಟ್ಟೆ.

ಜುಲೈ 9, ಬುಧವಾರ

ಇವತ್ತು ಒಂದು ಬಟ್ಟಲು. ಪೂರ್ತಿ ಒಂದು ಬಟ್ಟಲು! ನುಚ್ಚು, ಬೇಳೆ, ಕುಂಬಳಕಾಯಿ. ಬಣ್ಣವೇ ಬೇರೆ, ವಾಸನೆಯೇ ಬೇರೆ. ಚಮಚ ಹತ್ತಿರ ಬರುವ ಮೊದಲೇ ಬಾಯಿ ತೆರೆದು ಕಾಯುತ್ತಾಳೆ. ತಡವಾದರೆ ಗದರುತ್ತಾಳೆ, ಮೇಸ್ತ್ರಿಯ ದನಿಯಲ್ಲೇ. ಕೊನೆಗೆ ಚಮಚವನ್ನು ಎರಡೂ ಕೈಯಲ್ಲಿ ಹಿಡಿದು ಬಿಡಲಿಲ್ಲ. ಎಳೆದೆ, ಅವಳೂ ಎಳೆದಳು. ಕೆಳಗಿನ ಒಸಡಿನಲ್ಲಿ ಒಂದು ಬಿಳಿ ಗೆರೆ ಕಾಣುತ್ತಿದೆ. ಹಲ್ಲು ಎಂದರು ಟೈಲರಮ್ಮ. ನಾನು ಬೆರಳಿಟ್ಟು ನೋಡಿದೆ. ಕಚ್ಚಿದಳು.

ಗಿರಣಿಯಲ್ಲಿ ಮಧ್ಯಾಹ್ನ ಸುಮ್ಮಸುಮ್ಮನೆ ಆ ಬೆರಳನ್ನು ನೋಡಿಕೊಳ್ಳುತ್ತಿದ್ದೆ. ಮೇಸ್ತ್ರಿ ಏನಾಯ್ತೋ ಎಂದರು. ಏನಿಲ್ಲ ಎಂದೆ.

ಜುಲೈ 13, ಭಾನುವಾರ

ಅತ್ತಿಗೆಯ ಫೋನ್ ಬಂದಾಗ ಗುಂಡಿ ನನ್ನ ತೊಡೆಯ ಮೇಲೆ ಕೂತು ಉಣ್ಣುತ್ತಿದ್ದಳು.

"ಹೇಗೆ ತಿಂತಾಳೆ?"

"ಇನ್ನೂ ನೆಟ್ಟಗಿಲ್ಲ ಅತ್ತಿಗೆ. ಉಗೀತಾಳೆ."

ಸುಳ್ಳೇನಲ್ಲ. ಕೊನೆಯ ಚಮಚ ಉಗಿದಳು. ಹೊಟ್ಟೆ ತುಂಬಿತ್ತು, ಅದಕ್ಕೆ. ಒಂದು ವಾರ ಚೆನ್ನಾಗಿ ತಿಂದ ಮಾತ್ರಕ್ಕೆ ಊಟ ಹಿಡಿದಳು ಎಂದು ಹೇಳಿಬಿಡುವುದು ಸರಿಯಲ್ಲ. ಮಿಷನ್ ಕೂಡ ರಿಪೇರಿಯಾದ ಮೇಲೆ ಕೆಲವು ದಿನ ನೋಡಿಯೇ ಸಹಿ ಹಾಕುತ್ತೇವೆ.

ಜುಲೈ 20, ಭಾನುವಾರ

"ಸ್ವಲ್ಪ ಸ್ವಲ್ಪ" ಎಂದೆ ಅತ್ತಿಗೆಗೆ.

ಜುಲೈ 24, ಗುರುವಾರ

ಗುಂಡಿಗೆ ಜ್ವರ. ಬೆಳಿಗ್ಗೆ ಎತ್ತಿಕೊಂಡಾಗ ಮೈ ಕಾದ ಹೆಂಚಾಗಿತ್ತು. ಗಿರಣಿಗೆ ಹೋಗಲಿಲ್ಲ. ಡಾಕ್ಟರು ನೋಡಿ, ಮೈಯಲ್ಲಿ ಶಕ್ತಿಯಿದೆ, ತಡೆದುಕೊಳ್ಳುತ್ತಾಳೆ, ಹೆದರಬೇಡಿ ಎಂದು ಔಷಧಿ ಕೊಟ್ಟರು. ಹೆದರಬೇಡಿ ಎಂದು ಅವರು ನನ್ನ ಹೆಂಡತಿಯ ಹೆರಿಗೆಯ ದಿನವೂ ಹೇಳಿದ್ದರು. ಅವರಲ್ಲ, ಬೇರೆ ಡಾಕ್ಟರು. ಹೇಳುವ ರೀತಿ ಒಂದೇ.

ದಿನವಿಡೀ ಹೆಗಲ ಮೇಲೆ ಹಾಕಿಕೊಂಡು ಎರಡು ಕೋಣೆಗಳಲ್ಲಿ ಓಡಾಡಿದೆ. ಕೆಳಗಿಟ್ಟರೆ ಅಳುತ್ತಾಳೆ. ಏನೂ ತಿನ್ನಲಿಲ್ಲ. ಬೇಳೆಯಿಲ್ಲದೆ, ಎಣ್ಣೆಯಿಲ್ಲದೆ ಬರೀ ನುಚ್ಚು ತೆಳ್ಳಗೆ ಬೇಯಿಸಿ ಹನಿ ಹನಿಯಾಗಿ ತುಟಿಗೆ ಹಚ್ಚಿದೆ. ನೆಕ್ಕಿದಳು. ಮತ್ತೆ ಹಚ್ಚಿದೆ. ಒಂದು ಲೋಟ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಓಡಾಡುತ್ತ ಹೆಂಡತಿಯ ವಿಷಯ ಹೇಳುತ್ತಿದ್ದೆ ಅವಳಿಗೆ. ನಿಮ್ಮಮ್ಮನಿಗೆ ಅಡುಗೆ ಬರುತ್ತಿರಲಿಲ್ಲ, ಮದುವೆಯಾದ ಹೊಸದರಲ್ಲಿ ಅನ್ನ ಸೀದು ತಳ ಹಿಡಿದಾಗ ಪಾತ್ರೆ ಸಮೇತ ಮಂಚದ ಕೆಳಗೆ ಬಚ್ಚಿಟ್ಟಿದ್ದಳು, ವಾಸನೆ ಹಿಡಿದು ನಾನು ಹುಡುಕಿದೆ, ಮೂರು ದಿನ ನನ್ನ ಮೇಲೆ ಮುನಿಸಿಕೊಂಡಿದ್ದಳು. ಹುಡುಕಿದ್ದೇ ನನ್ನ ತಪ್ಪಂತೆ. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಗುಂಡಿ ಬಿಸಿ ಕೆನ್ನೆಯನ್ನು ನನ್ನ ಕುತ್ತಿಗೆಗೆ ಒತ್ತಿಕೊಂಡು ನಿದ್ದೆ ಹೋದಳು.

ಸಂಜೆ ಜ್ವರ ಇಳಿಯಿತು.

ಆಗಸ್ಟ್ 7, ಗುರುವಾರ

ತಕ್ಕಡಿಯ ಮುಳ್ಳು ನೋಡಿ ನರ್ಸಮ್ಮ ಎದ್ದೇ ನಿಂತರು. "ಎಲ್ಲರೂ ನೋಡಿ, ಅಪ್ಪ ಬೇಯಿಸಿದ ಗಂಜಿ!" ಎಂದು ಬೆಂಚಿನವರಿಗೆಲ್ಲ ಕೂಗಿ ಹೇಳಿದರು. ನಾನು ನೆಲ ನೋಡಿದೆ. ಒಬ್ಬಾಕೆ ಬೇಳೆ ಎಷ್ಟು ಹಾಕುತ್ತೀರಿ ಎಂದು ಕೇಳಿದಳು, ಹೇಳಿಕೊಟ್ಟೆ. ನುಚ್ಚನ್ನು ತುಂಬ ತೊಳೆಯಬೇಡಿ ಎಂದೂ ಹೇಳಿದೆ.

ಹೊರಡುವಾಗ ನರ್ಸಮ್ಮ ಕೇಳಿದರು. "ದೊಡ್ಡಮ್ಮನ ಊರಿಗೆ ಕಳಿಸ್ತೀವಿ ಅಂದಿದ್ರಲ್ಲ? ಈಗ ಧಾರಾಳವಾಗಿ ಹೋಗಬಹುದು."

"ನೋಡ್ತೀನಿ" ಎಂದೆ.

ಬರುವಾಗ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಿದ್ದೆ. ರೈಲಿನಲ್ಲಿ ಗಂಜಿ ಬಿಸಿ ಮಾಡುವುದು ಹೇಗೆ? ಅತ್ತಿಗೆ ಕೆಲಸಕ್ಕೆ ಹೋಗುವ ಹೊತ್ತಿನಲ್ಲಿ ನೋಡಿಕೊಳ್ಳುವವರು ಯಾರು? ಆ ಊರಿನ ನೀರು ಹೇಗಿದೆಯೋ. ಅಲ್ಲಿ ಒಳ್ಳೆಯ ನುಚ್ಚು ಸಿಗುತ್ತದೋ ಇಲ್ಲವೋ. ಇದನ್ನೆಲ್ಲ ಯೋಚಿಸದೆ ಕಳಿಸಿದರೆ ನಾನೆಂಥ ಅಪ್ಪ?

ಆಗಸ್ಟ್ 10, ಭಾನುವಾರ

ಅತ್ತಿಗೆ ಕೇಳುವ ಮೊದಲೇ ಹೇಳಿಬಿಟ್ಟೆ. "ಏನೂ ತಿಂತಿಲ್ಲ ಅತ್ತಿಗೆ. ಬಾಯಿಗೆ ಇಟ್ಟಿದ್ದೆಲ್ಲ ಹೊರಗೆ."

"ತೂಕ?"

"ಹಂಗೇ ಇದೆ."

ಅವರು ಅಳತೊಡಗಿದರು. ಸಣ್ಣಗೆ, ಬಾಯಿಗೆ ಸೆರಗು ಒತ್ತಿಕೊಂಡವರ ಅಳು. "ಅವಳ ಅಮ್ಮನೂ ಹಂಗೇ ಇದ್ಲು ಚಿಕ್ಕವಳಿದ್ದಾಗ. ನಾನೇ ತಿನ್ನಿಸ್ತಿದ್ದೆ. ಹಿಂದೆ ಹಿಂದೆ ಓಡಿ ತಿನ್ನಿಸ್ತಿದ್ದೆ" ಎಂದರು. ಗುಂಡಿ ನೆಲದ ಮೇಲೆ ಖಾಲಿ ಬಟ್ಟಲನ್ನು ಚಮಚದಿಂದ ಬಡಿಯುತ್ತಿದ್ದಳು. ಆ ಸದ್ದು ಕೇಳಿಸೀತೆಂದು ಫೋನನ್ನು ಕೈಯಿಂದ ಮುಚ್ಚಿದೆ.

ಮುಂದಿನ ವಾರ ನಿಜ ಹೇಳುತ್ತೇನೆ.

ಆಗಸ್ಟ್ 17, ಭಾನುವಾರ

ಹೇಳಲಿಲ್ಲ. ಅವರೂ ಹೆಚ್ಚು ಮಾತಾಡಲಿಲ್ಲ. ದನಿ ಸೋತಿತ್ತು. ನೆಗಡಿಯಿರಬೇಕು.

ಆಗಸ್ಟ್ 20, ಬುಧವಾರ

ಟೈಲರಮ್ಮನಿಗೆ ವಿಷಯ ಗೊತ್ತಾಗಿದೆ. ನಿನ್ನೆ ನನ್ನ ಫೋನ್ ಹತ್ತದೆ ಅತ್ತಿಗೆ ಅವರ ಮನೆಗೆ ಮಾಡಿದ್ದರಂತೆ. ಮಗು ಈಗಲಾದರೂ ಸ್ವಲ್ಪ ತಿನ್ನುತ್ತಿದೆಯಾ ಎಂದು ಕೇಳಿದರಂತೆ.

"ನಾನೇನು ಹೇಳಬೇಕಿತ್ತು? ಕೆಳಗೆ ಒಂದು ಬಟ್ಟಲು, ಮೇಲೆ ಒಂದು ಬಟ್ಟಲು ಬಾರಿಸ್ತಾಳೆ ಅಂತಲಾ? ಲೈನ್ ಸರಿಯಿಲ್ಲ ಅಂತ ಇಟ್ಟುಬಿಟ್ಟೆ" ಎಂದರು ಟೈಲರಮ್ಮ. ಹೊಲಿಗೆ ಮಿಷನ್ನಿಂದ ಕಾಲು ತೆಗೆಯದೆ ನನ್ನನ್ನು ನೋಡಿದರು. "ಕೊಡೋಕೆ ಮನಸ್ಸಿಲ್ಲ ಅಂದ್ರೆ ಬಾಯಿ ಬಿಟ್ಟು ಹೇಳೋದಲ್ವಾ?"

"ಮನಸ್ಸಿಲ್ಲ ಅಂತ ಯಾರು ಹೇಳಿದ್ದು? ಮಳೆ ಮುಗೀಲಿ ಅಂತ ನೋಡ್ತಿದ್ದೀನಿ" ಎಂದೆ.

ಅವರು ಮತ್ತೆ ಬಟ್ಟೆ ಕಡೆ ತಿರುಗಿದರು. ಒಂದು ವಾರದಿಂದ ಮಳೆಯೇ ಬಂದಿಲ್ಲ, ನಿಜ. ಬರುವ ಹಾಗಿದೆ.

ಆಗಸ್ಟ್ 23, ಶನಿವಾರ

ಇವತ್ತಿನದನ್ನು ಹೇಗೆ ಬರೆಯಲಿ? ಬರೆಯದೆಯೂ ಇರಲಾರೆ.

ಶನಿವಾರ ಗಿರಣಿ ಮಧ್ಯಾಹ್ನದವರೆಗೆ ಮಾತ್ರ. ಮನೆಗೆ ಬಂದು ಗುಂಡಿಯ ಗಂಜಿ ಇಳಿಸಿ ಆರಲು ಇಟ್ಟಿದ್ದೆ. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಅತ್ತಿಗೆ. ಹೇಳದೆ ಕೇಳದೆ ಹೊರಟು ಬಂದಿದ್ದಾರೆ. ಎರಡೂ ಕೈಯಲ್ಲಿ ಎರಡು ಚೀಲ.

ನಾನು ಅವರನ್ನು ನೋಡಿ ಮೊದಲಿಗೆ ಗುರುತು ಹಿಡಿಯಲಿಲ್ಲ. ಆ ತುಂಬಿದ ಮುಖ ಎಲ್ಲಿ ಹೋಯಿತು? ಕೆನ್ನೆಯ ಎಲುಬು ಎದ್ದಿದೆ. ಕೈ ಎತ್ತಿದರೆ ಕೈಗಡಿಯಾರ ಮಣಿಕಟ್ಟಿನಿಂದ ಜಾರಿ ಮೊಣಕೈ ಹತ್ತಿರ ಹೋಗಿ ನಿಲ್ಲುತ್ತದೆ. ಕುಪ್ಪಸದ ತೋಳನ್ನು ಪಿನ್ನು ಹಾಕಿ ಬಿಗಿ ಮಾಡಿದ್ದರು. ಹುಷಾರಿಲ್ಲವೇ ಎಂದು ಕೇಳಿದೆ. ಉತ್ತರ ಕೊಡದೆ ಚಪ್ಪಲಿ ಬಿಟ್ಟು, ಕೈ ತೊಳೆದು, ನೇರವಾಗಿ ಗುಂಡಿಯ ಹತ್ತಿರ ಹೋಗಿ ಕೂತರು. ಗುಂಡಿ ಅವರನ್ನು ನೋಡಿದಳು, ಗಂಜಿಯ ಬಟ್ಟಲನ್ನು ನೋಡಿದಳು.

ಅತ್ತಿಗೆ ಚೀಲದಿಂದ ಒಂದೊಂದೇ ಹೊರಗೆ ತೆಗೆದರು. ನುಣ್ಣಗೆ ಅರೆಯುವ ಸಣ್ಣ ಮಿಷನ್. ಮೂರು ಬಗೆಯ ಸೋಸುವ ಬಲೆ. ಮೆತ್ತನೆಯ ರಬ್ಬರಿನ ಚಮಚ. ಅವರ ಊರಿನ ಯಾವುದೋ ದೊಡ್ಡ ಡಾಕ್ಟರು ಬರೆದುಕೊಟ್ಟ ಟಾನಿಕ್. "ಉಣ್ಣದ ಮಕ್ಕಳಿಗೆ ಇದರಲ್ಲಿ ಕೊಟ್ರೆ ತಿಂತಾವಂತೆ" ಎಂದು ರಬ್ಬರಿನ ಚಮಚ ಎತ್ತಿಕೊಂಡು, ನಾನು ಬೇಡ ಎನ್ನುವ ಮೊದಲೇ ಗಂಜಿಯಲ್ಲಿ ಅದ್ದಿ ಗುಂಡಿಯ ಬಾಯಿಯ ಹತ್ತಿರ ಹಿಡಿದರು.

ಗುಂಡಿ ಬಾಯಿ ತೆರೆದಳು.

ಎರಡನೆಯ ಚಮಚಕ್ಕೂ ತೆರೆದಳು. ಅತ್ತಿಗೆಯ ಮುಖದಲ್ಲಿ ಬೆಳಕು ಬಂತು. "ತಿಂದ್ಲು! ನೋಡಿ, ನನ್ನ ಕೈಯಲ್ಲಿ ತಿಂದ್ಲು!" ಎಂದು ನನ್ನನ್ನು ನೋಡಿ ನಕ್ಕರು. ತಂಗಿ ಹೋದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೂರು, ನಾಲ್ಕು. ಗುಂಡಿ ನಿಲ್ಲಿಸಲೇ ಇಲ್ಲ. ಚಮಚ ತಡವಾಯಿತೆಂದು ಗದರಿದಳು. ಅತ್ತಿಗೆಯ ಕೈ ಹಿಡಿದು ತಾನೇ ಬಾಯಿಗೆ ಎಳೆದುಕೊಂಡಳು. ಅರ್ಧ ಬಟ್ಟಲು ಆಗುವಷ್ಟರಲ್ಲಿ ಅತ್ತಿಗೆಯ ನಗು ನಿಧಾನವಾಗತೊಡಗಿತು. ಗುಂಡಿಯ ಕೈ ನೋಡಿದರು, ಮಣಿಕಟ್ಟಿನಲ್ಲಿ ಬಿದ್ದ ಮಡಿಕೆ ನೋಡಿದರು, ತೊಡೆ ನೋಡಿದರು. ಆದರೂ ತಿನ್ನಿಸುವುದನ್ನು ನಿಲ್ಲಿಸಲಿಲ್ಲ. ತಳ ಕೆರೆದು ಕೊನೆಯ ಚಮಚವನ್ನೂ ತಿನ್ನಿಸಿ, ಬಾಯಿ ಒರೆಸಿ, ಬಟ್ಟಲನ್ನು ಪಕ್ಕಕ್ಕಿಟ್ಟರು.

"ಯಾವಾಗಿಂದ ಹೀಗೆ ತಿಂತಾಳೆ?"

ನಾನು ಬಟ್ಟಲನ್ನು ತೊಳೆಯುವ ಕಡೆ ಇಟ್ಟು ಬಂದೆ.

"ನಿಮ್ಮನ್ನೇ ಕೇಳ್ತಿರೋದು."

"ಜುಲೈಯಿಂದ."

ಗುಂಡಿ ತೆವಳಿಕೊಂಡು ನನ್ನ ಹತ್ತಿರ ಬಂದು ಪ್ಯಾಂಟು ಹಿಡಿದು ನಿಲ್ಲಲು ನೋಡಿದಳು. ಎತ್ತಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಎತ್ತಿಕೊಳ್ಳಿ ಎಂದರು ಅತ್ತಿಗೆಯೇ. ಎತ್ತಿಕೊಂಡೆ.

"ನಾನು ಅಲ್ಲಿ ತಟ್ಟೆ ಮುಂದೆ ಕೂತಾಗಲೆಲ್ಲ, ಇವಳು ಹಸ್ಕೊಂಡಿದ್ದಾಳೆ ಅಂತ ತುತ್ತು ಇಳೀತಿರಲಿಲ್ಲ ನಂಗೆ" ಎಂದರು. ಕೂಗಲಿಲ್ಲ, ಸಿಟ್ಟು ಮಾಡಲಿಲ್ಲ. ಅಂಗಡಿಯವನಿಗೆ ಸಾಮಾನು ಹೇಳುವಷ್ಟು ಸಲೀಸಾಗಿ ಹೇಳಿದರು. "ನಮ್ಮನೆಯವರು ಬೈದರು, ಆಫೀಸಲ್ಲಿ ಬೈದರು. ಏನು ಮಾಡ್ಲಿ? ಅನ್ನ ನೋಡಿದ್ರೆ ಇವಳ ಮುಖಾನೇ ಬರ್ತಿತ್ತು. ಕೊಡಲ್ಲ ಅಂತ ಒಂದು ಮಾತು ಹೇಳಿದ್ರೆ ಅತ್ತು ಸುಮ್ಮನಾಗ್ತಿದ್ದೆ. ಅಳೋದು ನಂಗೇನು ಹೊಸದಾ?"

ನಾನು ಅವರ ಕಾಲು ಹಿಡಿಯಬೇಕಿತ್ತು. ಮಗುವನ್ನು ಅವರ ಕೈಗೆ ಕೊಟ್ಟು, ನಿಮ್ಮದು, ಕರೆದುಕೊಂಡು ಹೋಗಿ, ಅಂದ ಮಾತು ಅಂದದ್ದೇ, ಎನ್ನಬೇಕಿತ್ತು. ಬಾಯಿಗೂ ಬಂತು. ಆದರೆ ಗುಂಡಿಯನ್ನು ಹಿಡಿದ ಕೈ ಸಡಿಲವಾಗಲಿಲ್ಲ. ಅತ್ತಿಗೆ ಆ ಕೈಯನ್ನೇ ನೋಡುತ್ತಿದ್ದರು.

"ಬಿಡಿ" ಎಂದರು. "ಅಪ್ಪ ಇರೋ ಮಗು."

ಆಗಸ್ಟ್ 24, ಭಾನುವಾರ

ಬೆಳಿಗ್ಗೆ ಅತ್ತಿಗೆ ಗುಂಡಿಗೆ ಸ್ನಾನ ಮಾಡಿಸಿದರು. ಒಂದು ತಾಸು ಹಿಡಿಯಿತು. ನಾನು ಒಳಗೆ ಹೋಗಲಿಲ್ಲ. ನೀರಿನ ಸದ್ದು ನಿಂತ ಮೇಲೂ ಬಾಗಿಲು ತೆರೆಯಲಿಲ್ಲ. ಹೊರಗೆ ಬಂದಾಗ ಅವರ ಕಣ್ಣು ಊದಿತ್ತು, ಮಗು ನಗುತ್ತಿತ್ತು.

ನಾನು ಅವರಿಗೂ ಗಂಜಿ ಮಾಡಿದ್ದೆ. ನುಚ್ಚು, ಬೇಳೆ, ಉಪ್ಪು, ಮೇಲೆ ಬೆಣ್ಣೆ. ಬೇರೆ ಏನು ಮಾಡಲು ನನಗೆ ಬರುತ್ತದೆ? ಬಟ್ಟಲು ಮುಂದಿಟ್ಟೆ. ನಾಲ್ಕು ಚಮಚ ತಿಂದರು. ಚೆನ್ನಾಗಿದೆ ಎಂದರು. ಉಳಿದದ್ದನ್ನು ಮುಚ್ಚಿಟ್ಟರು. ಒತ್ತಾಯ ಮಾಡುವ ಯೋಗ್ಯತೆ ನನಗಿಲ್ಲ.

"ಹೆಸರು ಇಟ್ಟಿಲ್ವಂತೆ ಇನ್ನೂ" ಎಂದರು ಹೊರಡುವಾಗ.

"ನೀವೇ ಇಡಿ."

"ಬೇಡ. ನಾನು ಹೆಸರಿಟ್ಟರೆ ಮತ್ತೆ ಬಿಟ್ಟು ಹೋಗೋದು ಕಷ್ಟ."

ಮಿಷನ್ನು, ಬಲೆಗಳು, ಚಮಚ ಎಲ್ಲ ಇಲ್ಲೇ ಬಿಟ್ಟರು. ರೈಲ್ವೆ ಸ್ಟೇಷನ್ನಿಗೆ ಮೂವರೂ ಹೋದೆವು. ರೈಲು ಬರುವವರೆಗೆ ಗುಂಡಿ ಅವರ ಕಂಕುಳಲ್ಲೇ ಇದ್ದಳು. ಕೈಗಡಿಯಾರ ಕೆಳಗೆ ಮೇಲೆ ಜಾರಿಸುವುದೇ ಅವಳಿಗೆ ಆಟವಾಯಿತು. ರೈಲು ನಿಂತಾಗ ಅತ್ತಿಗೆ ಮಗುವನ್ನು ನನಗೆ ಕೊಟ್ಟು, ತಿರುಗಿ ನೋಡದೆ ಹತ್ತಿ, ಆ ಕಡೆಯ ಕಿಟಕಿಯ ಹತ್ತಿರ ಹೋಗಿ ಕೂತರು. ಈ ಕಡೆ ಜಾಗ ಖಾಲಿಯಿತ್ತು.

ನಾನು ಕಂಬಿಯ ಹತ್ತಿರ ಹೋಗಿ ಕೂಗಿದೆ. ಕ್ಷಮಿಸಿ ಎಂದು ಕೂಗಲು ಹೋದವನು. "ತಲುಪಿದ ಮೇಲೆ ಊಟ ಮಾಡಿ ಅತ್ತಿಗೆ! ಮಾಡಿ ಫೋನ್ ಮಾಡಿ!" ಎಂದೆ. ಅವರು ಕೇಳಿಸಿಕೊಂಡರು ಎಂದು ಕಾಣುತ್ತದೆ. ತಲೆ ಅಲ್ಲಾಡಿತು.

ಆಗಸ್ಟ್ 25, ಸೋಮವಾರ

ಮಧ್ಯಾಹ್ನ ಗಿರಣಿಗೆ ಫೋನ್ ಬಂತು. ಮೇಸ್ತ್ರಿ ಕರೆದರು. ಮಿಷನ್ನಿನ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೇಳಿದೆ.

ತಲುಪಿದೆ ಎಂದರು. ಗುಂಡಿ ಉಂಡಳಾ ಎಂದು ಕೇಳಿದರು. ಉಂಡಳು, ಒಂದು ಬಟ್ಟಲು ಪೂರ್ತಿ, ಎಂದೆ. ಒಳ್ಳೇದಾಯ್ತು ಎಂದರು.

"ನಿಮ್ಮದು ಊಟ ಆಯ್ತಾ ಅತ್ತಿಗೆ?"

"ಹೂಂ, ಆಯ್ತು. ಹೊಟ್ಟೆ ತುಂಬಾ ಆಯ್ತು" ಎಂದರು.

ಏನು ತಿಂದಿರಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಆಯಿತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು?